ಲೈಟ್ ಆರಿಸುವ ಮಗಳು, ಗೀಸರ್ ಆರಿಸದ ಅಪ್ಪ

ದಾವಣಗೆರೆಯ ಓದುಗರೊಬ್ಬರು ಎರಡು ಪುಟದ ಸಿಟ್ಟಿನ ಪತ್ರ ಬರೆದಿದ್ದಾರೆ. ಹವಾಮಾನ ಬದಲಾವಣೆಗೆ ಮನೆಯಲ್ಲೇ ಏನೇನು ಮಾಡಬಹುದು ಅಂತ ಕಳೆದ ಸಂಚಿಕೆಯಲ್ಲಿ ನಾವು ಒಂದು ಪುಟ ಕೊಟ್ಟಿದ್ದೆವು. ಅದನ್ನು ಓದಿದ ಅವರ ಮಗಳು, ಎಂಟನೇ ಕ್ಲಾಸು, ಈಗ ಮನೆ ತುಂಬಾ ಓಡಾಡಿ ಲೈಟ್ ಆರಿಸುತ್ತಾಳಂತೆ. ಅಪ್ಪ ಪೇಪರ್ ಓದುತ್ತಿದ್ದರೂ ಬಿಡುವುದಿಲ್ಲ. "ಬಳ್ಳಾರಿಯ ಕರೆಂಟ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿಯುತ್ತಲೇ ಇದೆ, ದುಡ್ಡಿದ್ದವರು ವಿಮಾನದಲ್ಲಿ ಹಾರುತ್ತಲೇ ಇದ್ದಾರೆ. ನಾನು ಕತ್ತಲಲ್ಲಿ ಕೂತರೆ ಭೂಮಿ ತಣ್ಣಗಾಗುತ್ತಾ? ಬೆಳಿಗ್ಗೆ ಹತ್ತು ನಿಮಿಷ ಬಿಸಿನೀರಿನ ಶವರ್ ಕೆಳಗೆ ನಿಲ್ಲುವುದೊಂದೇ ನನಗಿರುವ ಸುಖ. ನಾಳೆ ಅದಕ್ಕೂ ಕೈ ಹಾಕುತ್ತಾಳೆ" ಎಂದು ಬರೆದಿದ್ದಾರೆ.

ಸ್ವಾಮಿ, ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯ ಇದೆ. ಆ ಪುಟದಲ್ಲಿ ಬಟ್ಟೆ ಚೀಲ, ಗಿಡ ನೆಡುವುದು, ಲೈಟ್ ಆರಿಸುವುದು, ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದು ನಮ್ಮ ತಪ್ಪು. ಬಟ್ಟೆ ಚೀಲ ಒಳ್ಳೆಯದೇ. ಅದರಿಂದ ಚರಂಡಿ ಕಟ್ಟುವುದಿಲ್ಲ, ಹಸುವಿನ ಹೊಟ್ಟೆಗೆ ಪ್ಲಾಸ್ಟಿಕ್ ಹೋಗುವುದಿಲ್ಲ. ಆದರೆ ಭೂಮಿ ಬಿಸಿಯಾಗುವುದಕ್ಕೂ ಅದಕ್ಕೂ ನಂಟು ಕಡಿಮೆ.

ದೊಡ್ಡವರ ವಿಷಯವೂ ನಿಜ. ಅಮೆರಿಕದ ಒಬ್ಬನ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್, ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲ, ಬಂದರೆ, ಭಾರತದ ಒಬ್ಬನಿಗೆ ಸುಮಾರು 2 ಟನ್. 'ಕಾರ್ಬನ್ ಫುಟ್‌ಪ್ರಿಂಟ್' (ಒಬ್ಬೊಬ್ಬರಿಂದ ಆಗುವ ಹೊಗೆಯ ಲೆಕ್ಕ) ಅನ್ನುವ ಮಾತನ್ನು ಜನರ ಬಾಯಿಗೆ ತಂದದ್ದರಲ್ಲಿ ಬಿಪಿ ಎಂಬ ತೈಲ ಕಂಪನಿಯ ಜಾಹೀರಾತಿನ ಪಾಲು ದೊಡ್ಡದು. ಎಣ್ಣೆ ಮಾರುವವನೇ ನಿಮ್ಮ ಲೆಕ್ಕ ಕೇಳಿದ ಹಾಗಾಯಿತು. ಆದರೆ ನಿಮ್ಮ ಮನೆ ಗೀಸರ್‌ಗೆ ಅಮೆರಿಕದವನು ಜವಾಬ್ದಾರನಲ್ಲ, ಅಲ್ವಾ? ಅಲ್ಲಿಗೇ ಬರುತ್ತೇನೆ.

ನಿಮ್ಮ ಕರೆಂಟ್ ಮೀಟರ್ ನೋಡಿ. ಡಿಜಿಟಲ್ ಮೀಟರ್ ಆದರೆ ಮೂಲೆಯಲ್ಲೊಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಎಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಅಂತ ಮೀಟರ್ ಮೇಲೆಯೇ ಬರೆದಿರುತ್ತದೆ. ನಮ್ಮ ಮನೆಯದು 3200. ಪತ್ರ ಬಂದ ಮಾರನೇ ದಿನ ಬೆಳಿಗ್ಗೆ ಮನೆಯಲ್ಲಿ ಎಲ್ಲ ಆಫ್ ಮಾಡಿ, 9 ವ್ಯಾಟ್‌ನ ಒಂದು ಎಲ್‌ಇಡಿ ಬಲ್ಬ್ ಮಾತ್ರ ಹಾಕಿ, ಮೀಟರ್ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಕೂತೆ, ಕೂತೆ, ಏನೂ ಇಲ್ಲ. ಮೀಟರ್ ಕೆಟ್ಟಿದೆಯೇನೋ ಅಂದುಕೊಳ್ಳುವಷ್ಟರಲ್ಲಿ ಒಂದು ಸಲ ಮಿನುಗಿತು. ಎರಡು ನಿಮಿಷಕ್ಕೆ ಒಂದೇ ಒಂದು. ಹಳೇ ಫ್ಯಾನ್ ಹಾಕಿದರೆ ಹದಿನೈದು ಸೆಕೆಂಡಿಗೊಂದು. ಆಮೇಲೆ 2000 ವ್ಯಾಟ್‌ನ ಗೀಸರ್ ಹಾಕಿಸಿದೆ. ಎಣಿಸುವುದಕ್ಕೇ ಆಗಲಿಲ್ಲ. ಸೆಕೆಂಡಿಗೆ ಹತ್ತಿರ ಹತ್ತಿರ ಎರಡು. ಪಕ್ಕದ ಮನೆಯವರು ಏನು ಸಾರ್, ಬಿಲ್ ಜಾಸ್ತಿ ಬಂತಾ ಅಂದರು.

ನೀರು ಕಾಯಿಸುವುದು ಅಷ್ಟು ದುಬಾರಿ ಕೆಲಸ. 20 ಲೀಟರ್ ನೀರನ್ನು 25 ಡಿಗ್ರಿಯಿಂದ 40ಕ್ಕೆ ತರಲು ಸುಮಾರು ಮೂರನೇ ಒಂದು ಯೂನಿಟ್ ಬೇಕು. ಅದು ಒಂದು ಬಕೆಟ್ ಸ್ನಾನ. ನಿಮ್ಮ ಹತ್ತು ನಿಮಿಷದ ಶವರ್‌ಗೆ ಸುಲಭವಾಗಿ 80 ಲೀಟರ್ ಹರಿಯುತ್ತದೆ. ಅಂದರೆ ಹೆಚ್ಚೂಕಡಿಮೆ 1.4 ಯೂನಿಟ್. ಅಷ್ಟು ಕರೆಂಟಿನಲ್ಲಿ ಹಾಲ್‌ನ ಬಲ್ಬನ್ನು ಸಂಜೆಯಿಂದ ಬೆಳಗಾಗುವ ತನಕ ಹನ್ನೆರಡು ರಾತ್ರಿಗೂ ಜಾಸ್ತಿ ಉರಿಸಬಹುದು. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟಿನ ಹಿಂದೆ ಸರಾಸರಿ 700 ಗ್ರಾಂ ಇಂಗಾಲದ ಡೈಆಕ್ಸೈಡ್ ಇರುತ್ತದೆ. ನಿಮ್ಮೊಬ್ಬರ ಶವರ್‌ದೇ ತಿಂಗಳಿಗೆ ಸುಮಾರು 30 ಕೆಜಿ. ಬಕೆಟ್ ಆದರೆ 7.

ಗೃಹಜ್ಯೋತಿ ಬಂದ ಮೇಲೆ, ಅಂದರೆ 2023ರ ಆಗಸ್ಟ್‌ನಿಂದ, ಬಿಲ್ಲಿನಲ್ಲಿ ಸೊನ್ನೆ ನೋಡಿ ಅಭ್ಯಾಸವಾಗಿ ಮೀಟರ್ ಕಡೆ ತಿರುಗುವವರೇ ಇಲ್ಲ. ಯೋಜನೆಯನ್ನು ದೂರುತ್ತಿಲ್ಲ. ನಮ್ಮ ಮನೆಯಲ್ಲೂ ಇದೆ. ಆದರೆ ಸೊನ್ನೆ ಬಿಲ್ ಅಂದರೆ ಸೊನ್ನೆ ಹೊಗೆ ಅಲ್ಲ. ಬೆಳಿಗ್ಗೆ ಆರರಿಂದ ಎಂಟರವರೆಗೆ ಊರಿಗೆ ಊರೇ ಗೀಸರ್ ಹಾಕುತ್ತದೆ. ಪಾವಗಡದ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಆ ಹೊತ್ತಿಗೆ ಇನ್ನೂ ಕಣ್ಣು ಬಿಡುತ್ತಿರುತ್ತದೆ. ಹಾಗಾಗಿ ಸ್ವಂತ ತಾರಸಿ ಇದ್ದರೆ ಸೋಲಾರ್ ವಾಟರ್ ಹೀಟರ್‌ನಷ್ಟು ಸಲೀಸು ಕೆಲಸ ಇನ್ನೊಂದಿಲ್ಲ. ನಿನ್ನೆಯ ಬಿಸಿಲನ್ನು ಇವತ್ತು ಬೆಳಿಗ್ಗೆ ಮೈಮೇಲೆ ಸುರಿದುಕೊಳ್ಳಬಹುದು. ಬಾಡಿಗೆ ಮನೆಯಾದರೆ ಬಕೆಟ್ಟೇ ಗತಿ. ನೀರು ತುಂಬುವ ಹಬ್ಬದ ದಿನ ಹಂಡೆಗೆ ಹಾಗಲಬಳ್ಳಿ ಸುತ್ತಿ ಪೂಜೆ ಮಾಡುವವರು ನಾವು. ಬಿಸಿನೀರಿಗೆ ಬೆಲೆ ಇದೆ ಅಂತ ಮನೆಯ ಹಿರಿಯರಿಗೆ ಗೊತ್ತಿತ್ತು. ಸೌದೆ ಹೊತ್ತವರು ಅವರೇ ತಾನೇ.

ಸ್ಕೂಟರ್ ವಿಷಯ ಬೇಗ ಮುಗಿಸುತ್ತೇನೆ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕೆಜಿ ಇಂಗಾಲದ ಡೈಆಕ್ಸೈಡ್. ದಿನಕ್ಕೆ 20 ಕಿಲೋಮೀಟರ್ ಓಡಿಸುವವರಿಗೆ ತಿಂಗಳಿಗೆ ಹತ್ತಿರ ಹತ್ತಿರ 25 ಕೆಜಿ. ಒಬ್ಬರೇ ಕಾರಿನಲ್ಲಿ ಹೋದರೆ ಅದರ ಮೂರು ಪಟ್ಟು. ವಾರಕ್ಕೆರಡು ದಿನ ಬಸ್ ಹತ್ತಿದರೂ ಲೆಕ್ಕಕ್ಕೆ ಸಿಗುತ್ತದೆ. ಬಸ್ಸೇ ಇಲ್ಲದ ರೂಟ್ ಆದರೆ ಡಿಪೋಗೆ ಹತ್ತು ಜನ ಸೇರಿ ಅರ್ಜಿ ಕೊಡಿ.

ಯಾರೂ ಹೇಳದ ಒಂದು ವಿಷಯ ಇದೆ: ಎಸಿ. ದಾವಣಗೆರೆಯ ಬಿಸಿಲಿನಲ್ಲಿ ಎಸಿ ಹಾಕಿಸಬೇಡಿ ಅನ್ನಲು ನನಗೆ ಬಾಯಿಲ್ಲ. 24 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನ್ ಹಾಕಿದರೆ ಸಾಕು. ಅದಕ್ಕಿಂತ ಮುಖ್ಯ ಅದರೊಳಗಿನ ಗ್ಯಾಸ್. ಕಳೆದ ಮೇ ತಿಂಗಳಲ್ಲಿ ನಮ್ಮ ಕಚೇರಿಯ ಎಸಿ ತಣ್ಣಗಾಗುತ್ತಿರಲಿಲ್ಲ. ರಿಪೇರಿಗೆ ಬಂದ ಹುಡುಗ ಸ್ಪ್ಯಾನರ್ ಹಾಕಿ ತಿರುಗಿಸಿದ. ಪುಸ್ ಅಂತ ಉಳಿದ ಗ್ಯಾಸೆಲ್ಲ ಕಿಟಕಿಯಾಚೆ ಹೋಯಿತು. "ಹಳೇದು ಸಾರ್, ಹೊಸದು ತುಂಬಿಸ್ತೀನಿ" ಅಂದ. ನಾನು ಸುಮ್ನೆ ಟೀ ಕುಡಿಯುತ್ತಾ ನೋಡುತ್ತಿದ್ದೆ. ಈಗ ಬರುವ ಆರ್-32 ಗ್ಯಾಸ್ ಒಂದು ಕೆಜಿ ಸೋರಿದರೆ 675 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ. ನೀವು ಎರಡು ವರ್ಷ ಸ್ಕೂಟರ್ ಓಡಿಸಿದಷ್ಟು. ಹಳೇ ಎಸಿಗಳ ಆರ್-22 ಆದರೆ 1800 ಕೆಜಿಯ ಹತ್ತಿರ. ಪ್ರತಿ ಬೇಸಿಗೆ ಗ್ಯಾಸ್ ತುಂಬಿಸಬೇಕಾಗಿ ಬಂದರೆ ಪೈಪ್ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಮೊದಲು ಸೋರುವ ಜಾಗ ಹುಡುಕಪ್ಪ, ಉಳಿದದ್ದನ್ನು ಸಿಲಿಂಡರ್‌ಗೆ ಎಳೆದುಕೋ ಅನ್ನಿ. ಇನ್ನೂರು ಮುನ್ನೂರು ಜಾಸ್ತಿ ಕೇಳಿದರೆ ಕೊಟ್ಟುಬಿಡಿ.

ಹಸಿ ಕಸವನ್ನು ಬೇರೆ ಮಾಡುತ್ತೇವೆ ಎಂದು ನೀವೇ ಬರೆದಿದ್ದೀರಿ. ಸಂತೋಷ. ತಿಪ್ಪೆ ರಾಶಿಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಅದರಿಂದ ಮೀಥೇನ್ ಬರುತ್ತದೆ, ಅದೂ ಭೂಮಿಯನ್ನು ಬಿಸಿ ಮಾಡುವ ಅನಿಲವೇ. ಕುಂಡದಲ್ಲಿ ಗಾಳಿಯಾಡುತ್ತಾ ಕೊಳೆತರೆ ಬರುವುದು ಗೊಬ್ಬರ. ಮಜ್ಜಿಗೆ, ಸಾರು ಮಾತ್ರ ಸುರಿಯಬೇಡಿ. ಹುಳ ಬಿದ್ದು ಮನೆಯವರು ಕುಂಡವನ್ನೂ ನಿಮ್ಮನ್ನೂ ಹೊರಗೆ ಹಾಕುತ್ತಾರೆ.

ಇನ್ನು ನಿಮ್ಮ ಮನೆಯ ಜಗಳ. ಪೇಪರ್ ಓದುವಾಗ ಲೈಟ್ ಉರಿಯಲಿ. ಆ ಕೇಸಿನಲ್ಲಿ ನೀವು ಗೆದ್ದಿರಿ. ಶವರ್ ಕೇಸನ್ನು ಮಗಳ ಪರವಾಗಿ ತೀರ್ಮಾನ ಮಾಡಿದ್ದೇವೆ. ನಂಬಿಕೆ ಬರದಿದ್ದರೆ ಅವಳನ್ನೇ ಮೀಟರ್ ಮುಂದೆ ನಿಲ್ಲಿಸಿ ಗೀಸರ್ ಹಾಕಿ, ಒಂದು ನಿಮಿಷ ಎಣಿಸಲಿ. ಎಷ್ಟು ಬಂತು ಅಂತ ಅವಳ ಕೈಯಲ್ಲೇ ಬರೆಸಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

— ಸಂ.