ಟಿಎಂಟಿ ಪಾಸಿಟಿವ್ ಬಂದರೆ ಸಿಟಿ ಆಂಜಿಯೋ ಸಾಕಾ?

ನಿಮ್ಮ ತಾಯಿಯ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ಇಸಿಜಿ ನೋಡುವ ಪರೀಕ್ಷೆ) ಪಾಸಿಟಿವ್ ಬಂದಿರುವುದು ಹೃದಯದ ರಕ್ತನಾಳ ಕಿರಿದಾಗಿರುವುದರಿಂದಲೇ ಇರಬಹುದು, ಆದರೆ ಹೆಂಗಸರಲ್ಲಿ ನಾಳ ಸರಿಯಿದ್ದರೂ ಹೀಗೆ ಬರುವುದು ಜಾಸ್ತಿ, ನಮ್ಮ ಅಮ್ಮನಿಗೂ ಹಾಗೇ ಆಗಿತ್ತು. ಮಾಮೂಲಿ ಆಂಜಿಯೋದ ಹಾಗೆ ಕೈ ಅಥವಾ ತೊಡೆಯಿಂದ ತಂತಿ ಹಾಕದೆ ನಾಳ ನೋಡಬಹುದಾ ಅಂತ ಕೇಳಿದ್ದೀರಲ್ಲ, ನೋಡಬಹುದು, ಅದೇ ಸಿಟಿ ಆಂಜಿಯೋ, ಅಂದರೆ ಸಿಟಿ ಸ್ಕ್ಯಾನಿನಲ್ಲಿ ಹೃದಯದ ನಾಳಗಳ ಚಿತ್ರ ತೆಗೆಯುವುದು. ಮೊದಲು ಯಾದಗಿರಿಯಲ್ಲೇ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ. ಆ ರಿಪೋರ್ಟ್ ಹಿಡಿದು ಕಲಬುರಗಿಯ ಜಯದೇವ ಹೃದಯ ಆಸ್ಪತ್ರೆಯಲ್ಲಿ ತೋರಿಸಿ, ಸಿಟಿ ಸಾಕಾ ಅಂತ ನೇರವಾಗಿ ಕೇಳಿ. ಅಲರ್ಜಿ, ಶುಗರ್ ಮಾತ್ರೆ ಎಲ್ಲ ಹೇಳಿ, ಯಾಕೆಂದರೆ ಸ್ಕ್ಯಾನಿನಲ್ಲಿ ನಾಳ ಕಾಣಲು ಅಯೋಡಿನ್ ಇರುವ ಔಷಧಿ ರಕ್ತಕ್ಕೆ ಬಿಡುತ್ತಾರೆ. ಸ್ಕ್ಯಾನ್ ದಿನ ಚಹಾ ಬೇಡ, ನಾಡಿ ಏರಬಹುದು. ನಾಡಿ 60ರ ಸುಮಾರಿಗೆ ಇಳಿದರೆ ಚಿತ್ರ ಸ್ಪಷ್ಟ. ನಾಳದಲ್ಲಿ ಸುಣ್ಣ ತುಂಬಾ ಕಟ್ಟಿದ್ದರೆ ಮಾತ್ರ ಎಷ್ಟು ಕಿರಿದಾಗಿದೆ ಅಂತ ಖಚಿತವಾಗಿ ಗೊತ್ತಾಗುವುದಿಲ್ಲ, ಆಗ ತಂತಿಯದ್ದೇ ಬೇಕಾಗಬಹುದು. ಸುಮ್ನೆ ಕೂತಾಗಲೂ ಎದೆ ನೋವು ಬಂದರೆ ಸ್ಕ್ಯಾನಿಗೆ ಕಾಯಬೇಡಿ, ತಕ್ಷಣ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.