ಹಿಮದ ಹಟ್‌ನಲ್ಲಿ ಒಂದು ವಾರ

ಪ್ರಶ್ನೆ: ನಾನಿರುವುದು ಕ್ಯಾಲ್ಗರಿಯಲ್ಲಿ, ರೆಸಾರ್ಟ್‌ನಲ್ಲಿ ಸ್ಕೀ ಚೆನ್ನಾಗಿಯೇ ಬರುತ್ತದೆ. ಕೆನಡಾದ ಸೆಲ್ಕರ್ಕ್ ಬೆಟ್ಟಗಳಲ್ಲಿರುವ ಫೇರಿ ಮೆಡೋ ಹಟ್‌ಗೆ (ಸ್ಕೀ ಮಾಡುವವರು ತಂಗುವ ಮನೆ) ಗೈಡ್ ಜೊತೆ ಒಂದು ವಾರ ಹೋಗೋಣ ಎಂದು ಗೆಳೆಯರು ಕರೆಯುತ್ತಿದ್ದಾರೆ. ಹೋಗಲಾ?

ಉತ್ತರ: ಹೋಗಿ, ಆದರೆ ಮೊದಲು ಎರಡು ದಿನದ ಅವಲಾಂಚ್ (ಹಿಮಕುಸಿತ) ಸುರಕ್ಷತಾ ಕೋರ್ಸ್ ಮುಗಿಸಿ. ಅಲ್ಲಿ ರೆಸಾರ್ಟ್‌ನಂತೆ ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್ ಇಲ್ಲ. ಹೆಲಿಕಾಪ್ಟರ್ ಇಳಿಸಿ ಹೋದ ಮೇಲೆ ಹತ್ತುವುದೆಲ್ಲ ನಿಮ್ಮ ಕಾಲಲ್ಲೇ. ಸ್ಕೀ ಅಡಿಗೆ ಸ್ಕಿನ್ ಎಂಬ ಪಟ್ಟಿ ಅಂಟಿಸುತ್ತಾರೆ, ಅದರ ಕೂದಲು ಹಿಂದಕ್ಕೆ ಬಾಗಿರುವುದರಿಂದ ಮುಂದಕ್ಕೆ ಸಲೀಸಾಗಿ ಸರಿಯುತ್ತದೆ, ಹಿಂದಕ್ಕೆ ಜಾರುವುದಿಲ್ಲ. ದಿನಕ್ಕೆ 1,000 ಮೀಟರ್ ಏರುವುದು ಮಾಮೂಲಿ. ಗೈಡ್ ಇದ್ದಾರಲ್ಲ ಎಂದು ಸುಮ್ನೆ ಹೊರಡಬೇಡಿ, ಹಿಮ ಕುಸಿದು ಅವರೇ ಹೂತುಹೋದರೆ ಬೀಕನ್ (ಹೂತವರ ಸಿಗ್ನಲ್ ಹಿಡಿಯುವ ರೇಡಿಯೋ ಸಾಧನ) ಹಿಡಿದು ಹುಡುಕಿ, ಪ್ರೋಬ್ ಎಂಬ ಉದ್ದನೆಯ ಕೋಲು ಚುಚ್ಚಿ, ಸಲಿಕೆಯಲ್ಲಿ ಅಗೆಯಬೇಕಾದವರು ನೀವೇ ಅಲ್ವಾ? ಅದಕ್ಕಿರುವುದು ಹೆಚ್ಚೆಂದರೆ ಕಾಲು ಗಂಟೆ. ಹವಾ ಕೆಟ್ಟರೆ ಹೆಲಿಕಾಪ್ಟರ್ ಬರುವುದೂ ತಡ, ಆಫೀಸಿನಲ್ಲಿ ಒಂದೆರಡು ದಿನ ಜಾಸ್ತಿಯೇ ರಜೆ ಕೇಳಿ.