ಹಾರ್ಮೋನ್ ತಗ್ಗಿಸಲು ಹಾರ್ಮೋನ್ ಥರದ ಇಂಜೆಕ್ಷನ್ ಯಾಕೆ?

ಕಲಬುರಗಿಯಲ್ಲಿ ಅಕ್ಕನಿಗೆ ಐವಿಎಫ್ (ಅಂಡ ಹೊರತೆಗೆದು ಲ್ಯಾಬಿನಲ್ಲಿ ವೀರ್ಯದ ಜೊತೆ ಸೇರಿಸುವ ಚಿಕಿತ್ಸೆ) ನಡೀತಿದೆ, ಮೆದುಳಿನ ಹಾರ್ಮೋನನ್ನೇ ಹೋಲುವ ಇಂಜೆಕ್ಷನ್ ದಿನಾ ಕೊಟ್ಟು ಹಾರ್ಮೋನ್ ತಗ್ಗಿಸ್ತಾರಂತೆ, ಇದೆಂಥ ಲೆಕ್ಕ ಅಂತ ಕೇಳಿದ್ದೀರಿ. ಉಲ್ಟಾ ಅನಿಸುತ್ತೆ, ಅಲ್ವಾ? ಇದರ ಗುಟ್ಟು ಬಿಟ್ಟುಕೊಟ್ಟದ್ದು ಮಂಗಗಳು.

ಮೆದುಳಿನ ಹೈಪೋಥಲಾಮಸ್ ಜಿಎನ್‌ಆರ್‌ಎಚ್ ಎಂಬ ಹಾರ್ಮೋನ್ ಬಿಡುತ್ತದೆ. ಅದರ ಕೆಳಗಿನ ಪಿಟ್ಯುಟರಿ ಗ್ರಂಥಿ ಆಗ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನ್ ಬಿಟ್ಟು ಅಂಡಾಶಯವನ್ನು ಎಬ್ಬಿಸುತ್ತದೆ. 1970ರ ದಶಕದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಅರ್ನ್ಸ್ಟ್ ನೋಬಿಲ್ ತಂಡ, ಜಿಎನ್‌ಆರ್‌ಎಚ್ ನಿಂತುಹೋಗಿದ್ದ ರೀಸಸ್ ಮಂಗಗಳಿಗೆ ಅದನ್ನು ಹೊರಗಿನಿಂದ ಕೊಟ್ಟಿತು. ಗಂಟೆಗೊಮ್ಮೆ ಆರು ನಿಮಿಷ ಕೊಟ್ಟರೆ ಎಲ್‌ಎಚ್, ಎಫ್‌ಎಸ್‌ಎಚ್ ಮತ್ತೆ ಏರಿದವು. ಬಿಡದೆ ಹರಿಸಿದರೆ ಎರಡೂ ಕುಸಿದವು! ಫಲಿತಾಂಶ ಪ್ರಕಟವಾದದ್ದು 1978ರಲ್ಲಿ.

ನಮ್ಮ ತೊಗರಿ ಹೊಲ ನೆನಪಿಸಿಕೊಳ್ಳಿ. ಬಿಟ್ಟುಬಿಟ್ಟು ನೀರು ಸಿಕ್ಕರೆ ಗಿಡ ಹೂ ಕಟ್ಟುತ್ತದೆ, ನೀರು ನಿಂತರೆ ಬೇರೇ ಕೊಳೆಯುತ್ತದೆ. ಪಿಟ್ಯುಟರಿ ಕೊಳೆಯುವುದಿಲ್ಲ ಬಿಡಿ, ಸುಮ್ನೆ ಕಿವಿ ಮುಚ್ಚಿಕೊಳ್ಳುತ್ತದೆ. ಔಷಧ ನಿಲ್ಲಿಸಿದರೆ ಮತ್ತೆ ಕೇಳಿಸಿಕೊಳ್ಳುತ್ತದೆ.

ಅಕ್ಕನ ಇಂಜೆಕ್ಷನ್ ಇದೇ ಜಾತಿಯದು, ಬಿಡದೆ ಹರಿಸಿದ ಹಾಗೆ ಕೆಲಸ ಮಾಡುತ್ತದೆ. ಮೊದಲ ಕೆಲವು ದಿನ ಹಾರ್ಮೋನ್ ಏರಿ, ಆಮೇಲೆ ಇಳಿಯುತ್ತದೆ. ಇದರಿಂದ ಡಾಕ್ಟರು ತೆಗೆಯುವ ಮೊದಲೇ ಅಂಡ ಬಿಡುಗಡೆ ಆಗುವುದಿಲ್ಲ. ನೇರವಾಗಿ ತಡೆಯುವ ಇಂಜೆಕ್ಷನ್ನೂ ಇವೆ, ಅದು ಬೇರೆ ದಾರಿ.

ಈ ಪ್ರಯೋಗಕ್ಕೆ ಮಂಗ ಯಾಕೆ, ಇಲಿ ಸಾಕಾಗಿತ್ತಲ್ಲ ಅನ್ನಬಹುದು. ಇಲಿಯ ಅಂಡ ಬಿಡುಗಡೆಯ ಚಕ್ರ ನಾಲ್ಕೈದು ದಿನದ್ದು, ಅದಕ್ಕೆ ಮುಟ್ಟೇ ಇಲ್ಲ. ರೀಸಸ್ ಮಂಗಕ್ಕೆ ಹೆಚ್ಚುಕಮ್ಮಿ 28 ದಿನ, ನಮ್ಮ ಹಾಗೆಯೇ.